ಕೆಂಪು ಅಂಚಿನ ಕಾರ್ಡಿನ ಹಿಂಬದಿ

ನನ್ನ ಅಕ್ಕ ತನ್ನ ಮಗುವನ್ನು ಕೊಂದಳೆಂದು ನೀವು ಅಚ್ಚುಮಾಡಿಸಿದ್ದೀರಿ. ಶಿಶುರಕ್ಷಣಾ ಸಮಿತಿಯ ಮಾನ್ಯ ಸದಸ್ಯರೇ, ಅದು ಸುಳ್ಳು. ಆ ಸುಳ್ಳಿಗೆ ನೀವು ಹೊಣೆ. ಆ ಸಾವಿಗೂ ನೀವು ಹೊಣೆ. ಕೊಂದಳೆಂಬ ಒರಟು ಮಾತನ್ನು ನಿಮ್ಮ ವಾರ್ಷಿಕ ವರದಿ ಬಳಸಿಲ್ಲವೆಂಬುದನ್ನು ಒಪ್ಪುತ್ತೇನೆ. ವರದಿ ಬರೆಯುವವರು ಸುಸಂಸ್ಕೃತರು. ದುರ್ಬಲ ಶಿಶುಗಳ ಪೈಕಿ ಒಂದು, ತಾಯಿಯ ನಿರಕ್ಷರತೆ ಮತ್ತು ಉದಾಸೀನದ ಫಲವಾಗಿ, ಕಾಲ ಮೀರಿದ ಮೇಲೆ ಕೇಂದ್ರಕ್ಕೆ ಬಂದು ತೀರಿಕೊಂಡಿತು ಎಂಬ ಅರ್ಥದ ಒಂದು ವಾಕ್ಯವನ್ನು ಬರೆದು, ಅದರ ಮೇಲುಗಡೆಯೇ ಬಹುಮಾನ ಪಡೆದ ಗುಂಡುಗುಂಡಾದ ಮಗುವಿನ ಭಾವಚಿತ್ರವನ್ನು ಹಾಕಿದ್ದಾರೆ. ಕಾಗದ ಬಹಳ ಒಳ್ಳೆಯದು. ಯುದ್ಧ ಮುಗಿದು ಇಷ್ಟು ದಿನವಾದರೂ ನಮ್ಮ ಕನ್ನಡ ಪತ್ರಿಕೆಗಳಿಗೆ ಅಂಥ ಕಾಗದ ಸಿಕ್ಕಿಲ್ಲ.

ಆ ವಾಕ್ಯದಲ್ಲಿರುವ ತಾಯಿ ಯಾರೆಂದು ನೀವು ಯಾರೂ ವಿಚಾರಿಸಲಿಲ್ಲವಾದ್ದರಿಂದ ನಾನೇ ತಿಳಿಸುತ್ತೇನೆ. ನಮ್ಮ ಮನೆ ಹಲಸೂರಿನಲ್ಲಿ, ಕೆರೆಯ ಏರಿಯಿಂದ ಕೂಗಳತೆಯ ದೂರದಲ್ಲಿದೆ. ಅಪ್ಪ ದಂಡಿನ ಉಗ್ರಾಣವೊಂದರಲ್ಲಿ ಗುಮಾಸ್ತರು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಕನ್ನಡ ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ತೇರ್ಗಡೆಯಾದ ವರ್ಷವೇ ಅವಳ ಮದುವೆಯಾಯಿತು. ಭಾವ ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದಾರೆ. ತವರಿಗೆ ಬಂದಾಗಲೆಲ್ಲ ಮಧ್ಯಾಹ್ನ ನಮ್ಮ ವಠಾರದ ಹೆಂಗಸರು ಅವಳ ಸುತ್ತ ಸೇರುತ್ತಿದ್ದರು. ಅವಳು ಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುವಳು. ಅವರು ಅಕ್ಕಿ ಆರಿಸುತ್ತ ಕೇಳುವರು. ಖಳನಾಯಕನ ಮಾತು ಬಂದಾಗ ಅವಳು ಓದುವ ಧಾಟಿಗೆ ಅಕ್ಕಿ ಆರಿಸುವ ಕೈಗಳು ನಿಂತುಬಿಡುತ್ತಿದ್ದವು. ನಿಮ್ಮ ವರದಿಯ ನಿರಕ್ಷರಿ ಇವಳೇ.

ಚೊಚ್ಚಲ ಬಾಣಂತನಕ್ಕೆ ಬಂದವಳಿಗೆ ಎಂಟನೆಯ ತಿಂಗಳಿನಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ನಮ್ಮ ಅಜ್ಜಿ ಅದನ್ನು ಮೊದಲು ಕೈಗೆ ತೆಗೆದುಕೊಂಡಾಗ, ಕೂಸು ಹುಟ್ಟಿದೆಯೋ ಕೂಸಿನ ನೆರಳು ಹುಟ್ಟಿದೆಯೋ ಎಂದು ಸೂಲಗಿತ್ತಿಯನ್ನು ಕೇಳಿದಳು. ಆದರೆ ಕೇಳಿದ ಮರುಗಳಿಗೆಯೇ ಕೆಲಸಕ್ಕೆ ನಿಂತಳು. ಹಳೆಯ ಮೆತ್ತನೆಯ ಸೀರೆಯ ಒಳಗೆ ಹತ್ತಿ ಹರವಿ ಮಗುವನ್ನು ಸುತ್ತಿದಳು. ಮಗುವಿಗೆ ಚೀಪುವ ಶಕ್ತಿಯಿರಲಿಲ್ಲವಾದ್ದರಿಂದ ಅಕ್ಕನ ಹಾಲನ್ನು ಹಿಂಡಿ, ಒಳಲೆಯ ಮೂತಿಯಿಂದ ಹನಿಹನಿಯಾಗಿ ನಾಲಗೆಗೆ ಬಿಡುತ್ತಿದ್ದಳು. ರಾತ್ರಿ ತನ್ನ ಎದೆಯ ಮೇಲೆಯೇ ಮಲಗಿಸಿಕೊಳ್ಳುತ್ತಿದ್ದಳು. ಆಮೇಲೆ ನಿಮ್ಮ ನರ್ಸಮ್ಮ ಇದನ್ನೆಲ್ಲ ಕೇಳಿ ತಲೆದೂಗಿ, ಸರಿಯಾಗಿಯೇ ಮಾಡಿದ್ದೀರಿ ಎಂದರಂತೆ. ಅಜ್ಜಿಗೆ ಆ ಪ್ರಶಂಸೆ ಅಷ್ಟೇನೂ ಹಿಡಿಸಲಿಲ್ಲ. ಆರು ಹೆತ್ತವಳಿಗೆ ಇವಳೊಬ್ಬಳು ಪಾಸು ಮಾಡಿಸಬೇಕಾಗಿತ್ತೆ ಎಂದು ಗೊಣಗಿದಳು.

ಪುರುಡು ಕಳೆದ ಮೇಲೆ ಮಗುವನ್ನು ನಿಮ್ಮ ಕೇಂದ್ರಕ್ಕೆ ಕರೆದೊಯ್ದರು. ಈಗ ಶಿವಾಜಿನಗರವೆನ್ನುವ ಬ್ಲಾಕ್‌ಪಲ್ಲಿಯ ಅಂಚಿನಲ್ಲಿ, ಹೆಂಚಿನ ಮಾಡಿನ ಉದ್ದನೆಯ ಕಟ್ಟಡ, ಮುಂದೆ ಬೇವಿನ ಮರ, ಮರದಡಿ ಬೆಂಚುಗಳು. ನರ್ಸಮ್ಮ ಮಗುವನ್ನು ತಕ್ಕಡಿಯ ಬಟ್ಟಲಿನಲ್ಲಿಟ್ಟು ತೂಗಿ, ಪೌಂಡುಗಳನ್ನು ಬರೆದು, ಸುತ್ತಲೂ ಬೆರಳಗಲದ ಕೆಂಪು ಅಂಚಿರುವ ಒಂದು ಕಾರ್ಡನ್ನು ಕೊಟ್ಟರು. ಹಾಲಿನ ಪುಡಿಯ ಒಂದು ಡಬ್ಬಿಯನ್ನೂ ಕೊಟ್ಟರು. ಬೆಂಚಿನ ಮೇಲಿದ್ದ ಉಳಿದ ಹೆಂಗಸರ ಕೈಯಲ್ಲಿ ಬಿಳಿಯ ಕಾರ್ಡುಗಳಿದ್ದವು, ಅವರಿಗೆ ಡಬ್ಬಿಯಿರಲಿಲ್ಲ. ಅವರನ್ನೆಲ್ಲ ದಾಟಿ ಕೆಂಪು ಕಾರ್ಡಿನವರನ್ನು ಮೊದಲು ಒಳಗೆ ಕರೆಯುತ್ತಿದ್ದರು.

ಕೆಂಪೆಂದರೆ ಅಪಾಯವೆಂದು ನಿಮಗೆ ಗೊತ್ತು. ರೈಲಿನ ಬಾವುಟ, ರಸ್ತೆಯ ಲಾಂದ್ರ, ಔಷಧದ ಶೀಷೆಯ ಮೇಲಿನ ಚೀಟಿ, ಎಲ್ಲವೂ ನಿಮಗೆ ಅದನ್ನು ಕಲಿಸಿವೆ. ನಮ್ಮ ಮನೆಗೆ ಕೆಂಪನ್ನು ಕಲಿಸಿದ್ದು ಕುಂಕುಮ. ಮದುವೆಯ ಕಾಗದದ ಅಂಚು ಕೆಂಪು. ಶುಭಸಮಾಚಾರದ ಪತ್ರದ ಮೂಲೆ ಕೆಂಪು. ಅಶುಭದ ಪತ್ರಕ್ಕೆ ಹಚ್ಚುವುದು ಕಪ್ಪು. ಸಾಲುತಪ್ಪಿಸಿ ಮೊದಲು ಒಳಗೆ ಕರೆಯುವ, ಡಬ್ಬಿ ಹಾಲು ಕೊಡುವ, ಕುಂಕುಮದ ಬಣ್ಣದ ಅಂಚಿನ ಕಾರ್ಡು ಬಂದರೆ ಅಮ್ಮ ಏನೆಂದು ತಿಳಿಯಬೇಕಾಗಿತ್ತು? ಮೊದಲ ದರ್ಜೆಯೆಂದು ತಿಳಿದಳು. ವಠಾರದಲ್ಲಿ ಅದನ್ನು ಹೇಳಿಕೊಂಡಳು ಸಹ. ಅದೇ ಬೆಂಚಿನಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಕೂತಿದ್ದ, ಬಟ್ಟೆ ವ್ಯಾಪಾರದ ಮನೆಯ ಬೀಬಿಯೊಬ್ಬರು ಅಮ್ಮನ ಕಾರ್ಡನ್ನು ನೋಡಿ, ತಮಗೇಕೆ ಕೆಂಪು ಕೊಡದೆ ಬಿಳಿಯದೆಂದು ನರ್ಸಮ್ಮನೊಡನೆ ವಾದಕ್ಕೆ ನಿಂತರಂತೆ.

"ಇನ್‌ಕು ಲಾಲ್ ದಿಯೇ, ಹಮ್‌ಕು ಸಫೇದ್ ಕಾಯ್ಕು? ನಾವೇನ್ ಕಮ್ಮಿ ಜನಾನಾ ಅಮ್ಮಾ?"

ನರ್ಸಮ್ಮ ನಕ್ಕು, ಬಿಳಿಯದೇ ಒಳ್ಳೆಯದು ಎಂದರಂತೆ. ಕೊಡದಿರುವವರೆಲ್ಲ ಹಾಗೆಯೇ ಹೇಳುವುದೆಂದು ಬೀಬಿ ಅಮ್ಮನ ಕಡೆ ತಿರುಗಿ ಹೇಳಿದರು. ಅಮ್ಮ ಅನುಕಂಪದಿಂದ ಹೌದೆಂದಳು. ಅಪಾಯದ ಗುರುತಿಗಾಗಿ ಮೊಮ್ಮಕ್ಕಳ ಪರವಾಗಿ ಅಮ್ಮನೂ ಬೀಬಿಯೂ ಹೀಗೆ ಪೈಪೋಟಿ ನಡೆಸಿದ್ದನ್ನು ನಿಮ್ಮ ವರದಿ ಎಲ್ಲಿಯೂ ದಾಖಲಿಸಿಲ್ಲ.

ಕಾರ್ಡು ಕೊಡುವಾಗ ನರ್ಸಮ್ಮ ಹೇಳಿದ್ದು ಎರಡೇ ಮಾತು. ಅದನ್ನು ಅಕ್ಕ ನನಗೆ ಅವರ ದಂಡಿನ ಕನ್ನಡದಲ್ಲೇ ಎಷ್ಟೋ ಸಲ ಹೇಳಿದ್ದಾಳೆ. "ಕಾರ್ಡ್ ಪತ್ರಮಾ ಇಟ್ಕೋಮ್ಮ, ಭದ್ರವಾಗಿ, ಕೊಳೆ ಆಗ್ಬಾರ್ದು. ಮಂಗಳವಾರ ಮಂಗಳವಾರ ಬಾ." ನರ್ಸಮ್ಮ ಕೆಟ್ಟವರಲ್ಲ. ಬೆಂಚಿನ ಮೇಲೆ ಇನ್ನೂ ನಲವತ್ತು ಮಂದಿ ಕಾದಿದ್ದರು. ಕೆಲಸ ಮಾಡುವವರು ಅವರೊಬ್ಬರೇ. ಇದ್ದ ಸಮಯದಲ್ಲಿ ಮೇಲಿನವರು ಯಾವುದನ್ನು ಪರೀಕ್ಷಿಸುತ್ತಾರೋ ಅದನ್ನೇ ಅವರು ಹೇಳಿದರು. ಸಮಿತಿಯವರು ಕೇಂದ್ರಕ್ಕೆ ಭೇಟಿಯಿತ್ತಾಗ ಕಾರ್ಡುಗಳನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು. ಮುಂದಿನ ಮಂಗಳವಾರವೇ ಅಕ್ಕನ ಕಣ್ಣೆದುರಿಗೆ ಒಬ್ಬ ಬಾಣಂತಿಗೆ ಎಲ್ಲರ ಮುಂದೆ ಬೈಗುಳವಾಯಿತು. ಅವಳ ಕಾರ್ಡಿನ ಮೇಲೆ ಅರಿಸಿನ, ಹರಳೆಣ್ಣೆಗಳ ಐದು ಬೆರಳುಗಳು ಮೂಡಿದ್ದವು. ಅದೇ ದಿನ ಇನ್ನೊಬ್ಬಳು, ತನ್ನ ಸರದಿ ಗುರುವಾರವಾಗಿದ್ದು ಮಂಗಳವಾರ ಬಂದದ್ದಕ್ಕೆ, ಮಗುವನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದಳು. ಅಕ್ಕ ಎರಡು ಪಾಠಗಳನ್ನೂ ಚೆನ್ನಾಗಿ ಕಲಿತಳು.

ಬಾಣಂತಿಯ ಕೈಯಲ್ಲಿ ಎಣ್ಣೆ, ಅರಿಸಿನ, ಕಾಡಿಗೆ ಇಲ್ಲದಿರುವ ಗಳಿಗೆಯಿಲ್ಲ. ಹೀಗಾಗಿ ಬಾಣಂತಿಯು ಕಾರ್ಡನ್ನು ಮುಟ್ಟಕೂಡದೆಂಬುದು ಮನೆಯ ಕಟ್ಟಳೆಯಾಯಿತು. ಅಮ್ಮ ಅದನ್ನು ತನ್ನ ಮದುವೆಯ ಧಾರೆಸೀರೆಯ ಮಡಿಕೆಯೊಳಗಿಟ್ಟು, ಸೀರೆಯನ್ನು ಟ್ರಂಕಿನಲ್ಲಿಟ್ಟು, ಟ್ರಂಕಿಗೆ ಬೀಗ ಹಾಕಿದಳು. ಮಂಗಳವಾರ ಬೆಳಗ್ಗೆ ಕೈ ತೊಳೆದು, ಒರೆಸಿ, ಬೀಗ ತೆಗೆದು, ಕಾರ್ಡಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಡುವಳು. ಬಂದ ಮೇಲೆ ಮತ್ತೆ ಸೀರೆಯೊಳಗೆ. ಎರಡು ತಿಂಗಳ ನಂತರವೂ ನಮ್ಮ ಕಾರ್ಡು ಅಚ್ಚಿನಿಂದ ಆಗತಾನೇ ಇಳಿದಂತಿತ್ತು. ಕಾರ್ಡಿನ ನಿರ್ವಹಣೆಗೆ ನೀವು ಬಹುಮಾನವಿಟ್ಟಿದ್ದರೆ ನಾವು ಗೆಲ್ಲುತ್ತಿದ್ದೆವು.

ನೀವು ತಿಳಿವಳಿಕೆ ಕೊಡಲಿಲ್ಲವೆಂದು ನಾನು ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಉಪನ್ಯಾಸವಿತ್ತು. ಸಮಿತಿಯ ಅಧ್ಯಕ್ಷಿಣಿಯವರು ಪಿಂಗಾಣಿಯ ಗುಲಾಬಿ ಬಣ್ಣದ ಗೊಂಬೆಯೊಂದಕ್ಕೆ ಸ್ನಾನ ಮಾಡಿಸಿ ತೋರಿಸುತ್ತಿದ್ದರು. ಮಾತು ಇಂಗ್ಲಿಷಿನಲ್ಲಿ, ತರ್ಜುಮೆ ತಮಿಳಿನಲ್ಲಿ. ಮಗುವಿನ ಸ್ನಾನದ ವಿಷಯದಲ್ಲಿ ನಮ್ಮ ಅಜ್ಜಿಗೆ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆಯೇ ಸರಿ. ಆದರೂ ಅವಳು ಮುಂದಿನ ಸಾಲಿನಲ್ಲೇ ಕೂತು ಕೊನೆಯತನಕ ನೋಡಿಬಂದಳು. ಏನು ಹೇಳಿಕೊಟ್ಟರೆಂದು ನಾನು ಕೇಳಿದೆ.

"ಗೊಂಬೆ ಚೆನ್ನಾಗಿದೆ ಕಣೇ. ಕಣ್ಣಿಗೆ ಸೋಪು ಹೋದ್ರೂ ಅಳಲ್ಲ. ಅಂಥ ಕೂಸು ಕೊಡ್ಲಿ, ನಾನೂ ಇಂಗ್ಲಿಷ್‌ನಲ್ಲೇ ನೀರು ಹಾಕ್ತೀನಿ."

ನಾನು ನಕ್ಕೆ. ನಗುವುದಕ್ಕೆ ನನಗೆ ಬಿಡುವಿತ್ತು. ಆಗಷ್ಟೇ ಬಿ.ಎ. ಮುಗಿಸಿ ಬಂದಿದ್ದೆ, ಸ್ತ್ರೀವಿದ್ಯಾಭ್ಯಾಸ ಮತ್ತು ದೇಶದ ಪುನರ್ನಿರ್ಮಾಣ ಎಂಬ ವಿಷಯವಾಗಿ ಮಾಸಪತ್ರಿಕೆಯೊಂದಕ್ಕೆ ದೀರ್ಘ ಪ್ರಬಂಧ ಬರೆಯುತ್ತಿದ್ದೆ. ಬಾಣಂತಿಯ ಕೋಣೆಯ ವಿಷಯಕ್ಕೆ ತಲೆಹಾಕದ ಅಪ್ಪನನ್ನು ಬಿಟ್ಟರೆ, ಇಂಗ್ಲಿಷ್ ಬಲ್ಲವಳು ಆ ಮನೆಯಲ್ಲಿ ನಾನು. ಎಣ್ಣೆಯಿಲ್ಲದ ಕೈಗಳಿದ್ದವಳೂ ನಾನೇ. ಟ್ರಂಕು ನಾನು ಬರೆಯಲು ಕೂರುತ್ತಿದ್ದ ಕೋಣೆಯಲ್ಲಿಯೇ ಇತ್ತು. ಆಗಾಗ ಅದರ ಮೇಲೆ ಕಾಗದಗಳನ್ನು ಹರಡಿಕೊಂಡು ಬರೆದದ್ದೂ ಉಂಟು. ಎರಡು ತಿಂಗಳಲ್ಲಿ ಒಂದು ದಿನವೂ ಆ ಕಾರ್ಡನ್ನು ತೋರಿಸೆಂದು ಅಮ್ಮನನ್ನು ನಾನು ಕೇಳಲಿಲ್ಲ. ಹೊಣೆಗಾರರನ್ನು ಎಣಿಸುವಾಗ ನನ್ನನ್ನು ಬಿಡಬೇಡಿ. ಆದರೆ ನನ್ನನ್ನು ಎಣಿಸಿದ ಮಾತ್ರಕ್ಕೆ ನಿಮ್ಮ ಎಣಿಕೆ ಮುಗಿಯುವುದಿಲ್ಲ.

ಮಗು ಬೆಳೆಯುತ್ತಿತ್ತು. ನಿಧಾನವಾಗಿ, ಪ್ರತಿ ಮಂಗಳವಾರ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಸರಿಯುವಂತೆ. ತುಟಿಯ ಕೊನೆಯಲ್ಲಿ ಒಂದು ಬಗೆಯ ನಗೆಯನ್ನು ಆಗಲೇ ಕಲಿತಿತ್ತು. ಅಜ್ಜಿ ಒಳಲೆಯನ್ನು ತೊಳೆದು ಎತ್ತಿಟ್ಟಳು, ಇನ್ನು ಎದೆಹಾಲನ್ನೇ ಕುಡಿಯುತ್ತದೆಂದು. ಆ ಹೊತ್ತಿಗೆ ಸರಿಯಾಗಿ ನಿಮ್ಮ ಶಿಶುಪ್ರದರ್ಶನ ಬಂತು.

ರಿಚರ್ಡ್ಸ್ ಟೌನಿನ ಬಂಗಲೆಯೊಂದರ ಹುಲ್ಲುಹಾಸಿನ ಮೇಲೆ, ಮಾರ್ಗಶಿರದ ಚಳಿಯ ಒಂದು ಶುಕ್ರವಾರ ಬೆಳಗ್ಗೆ, ಕಾರ್ಡುಳ್ಳ ತಾಯಂದಿರೆಲ್ಲರೂ ಶಿಶುಗಳೊಡನೆ ಬರಬೇಕೆಂದು ತಮಟೆ ಹೊಡೆಸಿ ಸಾರಿದರು. ಕೆಂಪು ಕಾರ್ಡಿನವರು ಬರಕೂಡದೆಂದು ತಮಟೆಯವನಿಗೆ ಯಾರೂ ಹೇಳಿರಲಿಲ್ಲ. ಅದು ಆಹ್ವಾನಪತ್ರದಲ್ಲಿ ಇಂಗ್ಲಿಷಿನಲ್ಲಿತ್ತೆಂದು ನನಗೆ ಆಮೇಲೆ ತಿಳಿಯಿತು. ಬಿಳಿಯ ಕಾರ್ಡಿನವರೆಲ್ಲ ಹೊರಟಿರುವಾಗ ಮೊದಲ ದರ್ಜೆಯವರು ಮನೆಯಲ್ಲಿ ಕೂರುವುದೆಂದರೇನೆಂದು ಅಮ್ಮನೂ ಹೊರಟಳು. ಅಕ್ಕ ಹಿಂಜರಿದಳು, ದೃಷ್ಟಿಯಾದೀತೆಂದು ಅಜ್ಜಿ ಎರಡು ಸಲ ತಡೆದಳು. ಕೊನೆಗೆ ಕೂಸಿನ ಕೆನ್ನೆಗೆ ದೊಡ್ಡದೊಂದು ಕಾಡಿಗೆಯ ಬೊಟ್ಟಿಟ್ಟು, ಮೂರು ಸುತ್ತು ಬಟ್ಟೆ ಸುತ್ತಿ, ತಾನೇ ಎತ್ತಿಕೊಂಡಳು. ನಾನೂ ಜೊತೆಗೆ ಹೋದೆ. ಪ್ರಬಂಧಕ್ಕೆ ಒಂದು ದೃಶ್ಯ ಸಿಕ್ಕೀತೆಂಬ ಆಸೆ.

ಶಾಮಿಯಾನದಡಿ ಬಿಳಿಯ ಬಟ್ಟೆ ಹೊದಿಸಿದ ಮೇಜುಗಳು, ಮಧ್ಯೆ ತಕ್ಕಡಿ. ಸ್ವಯಂಸೇವಕಿಯರು ಸರದಿಯಂತೆ ಮಕ್ಕಳನ್ನು ತೆಗೆದುಕೊಂಡು, ನಿಯಮದ ಪ್ರಕಾರ ಬಟ್ಟೆಯನ್ನೆಲ್ಲ ಬಿಚ್ಚಿ ಬರಿಮೈಯಲ್ಲಿ ತೂಗುತ್ತಿದ್ದರು. ನಮ್ಮ ಕೂಸಿನ ಸರದಿ ಬಂದಾಗ ಒಬ್ಬಾಕೆ ಮೊದಲು ಶುಚಿತ್ವಕ್ಕಾಗಿ ಕೆನ್ನೆಯ ಕಾಡಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮೂರು ಸುತ್ತನ್ನೂ ಬಿಚ್ಚಿದಳು. ಬಿಚ್ಚಿದ ಮೇಲೆ ಅವಳ ಕೈ ನಿಂತಿತು. ಅವಳು ಇನ್ನೊಬ್ಬಳನ್ನು ಕರೆದಳು, ಅವಳು ಅಧ್ಯಕ್ಷಿಣಿಯವರನ್ನು ಕರೆದಳು. ಇವರನ್ನು ಇಲ್ಲಿಗೆ ಬಿಟ್ಟವರು ಯಾರೆಂಬ ವಿಚಾರಣೆ ಬಹಳ ಮೆಲುದನಿಯಲ್ಲಿ, ಬಹಳ ಸಭ್ಯತೆಯಿಂದ, ಸಾಕಷ್ಟು ಹೊತ್ತು ನಡೆಯಿತು. ಮೋಡ ಕವಿದಿತ್ತು, ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಷ್ಟು ಹೊತ್ತೂ ಮಗು ಬಿಳಿಯ ಬಟ್ಟೆಯ ಮೇಲೆ ಬರಿಮೈಯಲ್ಲಿ ಮಲಗಿತ್ತು. ಅಜ್ಜಿ ಎತ್ತಿಕೊಳ್ಳಹೋದರೆ ಸ್ವಯಂಸೇವಕಿ ಸ್ವಲ್ಪ ತಾಳಿ ಎಂದಳು. ಕೊನೆಗೆ ಅಧ್ಯಕ್ಷಿಣಿಯವರು ಮುಗುಳ್ನಕ್ಕು, ಅಮ್ಮನ ಕೈಗೆ ಒಂದು ಸೋಪಿನ ಬಿಲ್ಲೆಯನ್ನಿತ್ತು, ಛಾಯಾಚಿತ್ರ ತೆಗೆಯುವ ಜಾಗದಿಂದ ಪಕ್ಕಕ್ಕೆ ಕಳುಹಿಸಿದರು. ಬಹುಮಾನ ಬಂದಿದೆಯೆಂದು ಅಮ್ಮ ಮನೆಯವರೆಗೂ ನಂಬಿದ್ದಳು. ಅಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಶನಿವಾರ ಮಗು ಸರಿಯಾಗಿ ಹಾಲು ಕುಡಿಯಲಿಲ್ಲ. ಪ್ರದರ್ಶನದಲ್ಲಿ ಅಷ್ಟು ಕಣ್ಣು ಬಿದ್ದ ಮೇಲೆ ಇನ್ನೇನಾದೀತೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎತ್ತಿಟ್ಟಿದ್ದ ಒಳಲೆಯನ್ನು ಮತ್ತೆ ಹೊರತೆಗೆದಳು. ಸಂಜೆಗೆ ಮಗು ಅಳುವುದನ್ನೂ ಬಿಟ್ಟಿತು. ಬಂಗಾರದಂಥ ಕೂಸು, ಅಳುವುದೇ ಇಲ್ಲವೆಂದು ನೋಡಲು ಬಂದ ವಠಾರದ ಹೆಂಗಸೊಬ್ಬಳು ಹೊಗಳಿದಳು. ಭಾನುವಾರ ಅಮಾವಾಸ್ಯೆ. ಎಳೆಗೂಸನ್ನು ಅಮಾವಾಸ್ಯೆಯ ದಿನ ಹೊಸ್ತಿಲು ದಾಟಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಆ ವಾಡಿಕೆಯ ಮೇಲೆ ತಪ್ಪು ಹೊರಿಸಿ ನೀವು ಪಾರಾಗಲಾರಿರಿ. ಭಾನುವಾರ ಮಧ್ಯಾಹ್ನ ಅಂಗಾಲು ತಣ್ಣಗಿದ್ದುದನ್ನು ಮುಟ್ಟಿ ನೋಡಿ, ಅಮಾವಾಸ್ಯೆಯನ್ನು ಬದಿಗಿಡಲು ಅಜ್ಜಿಯೇ ಸಿದ್ಧಳಾದಳು. ಜಟಕಾ ತರಿಸೆಂದು ಅಪ್ಪನಿಗೆ ಹೇಳಿಯೂ ಹೇಳಿದಳು. ತಡೆದವಳು ಅಕ್ಕ. ಭಾನುವಾರ ಹೋದರೆ ಬಾಗಿಲಲ್ಲೇ ಬೈದು ಕಳುಹಿಸುತ್ತಾರೆ, ಕೂಸಿಗೆ ಸುಮ್ಮನೆ ಗಾಳಿಗೆ ತಿರುಗಿದ್ದಷ್ಟೇ ಆಗುತ್ತದೆ, ನಮ್ಮ ದಿನ ಮಂಗಳವಾರ, ಇನ್ನು ಒಂದೇ ದಿನ ಎಂದಳು. ನಿಮ್ಮ ನಿಯಮವನ್ನು ನಮ್ಮ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಅರಿತವರು ಬೇರೆ ಯಾರೂ ಇರಲಿಲ್ಲ. ಉದಾಸೀನವೆಂದು ವರದಿ ಕರೆದದ್ದು ಈ ವಿಧೇಯತೆಯನ್ನು.

ಸೋಮವಾರ ಮಧ್ಯಾಹ್ನ, ನಾಳೆ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತಾರೆಂದು ಕಾರ್ಡಿನಲ್ಲಿ ನೋಡಿ ಹೇಳೆಂದು ಅಕ್ಕ ನನ್ನನ್ನು ಕೇಳಿದಳು. ಬಹುಶಃ ಕಾಯುವುದಕ್ಕಾಗದೆ ಹಾಗೆ ಕೇಳಿದಳು. ಅಮ್ಮ ಕೈ ತೊಳೆದು, ಬೀಗ ತೆಗೆದು, ಸೀರೆಯ ಮಡಿಕೆ ಬಿಡಿಸಿ ಕಾರ್ಡನ್ನು ನನಗೆ ಕೊಟ್ಟಳು. ಮುಂಬದಿಯಲ್ಲಿ ತೂಕದ ಅಂಕಣಗಳಿದ್ದವು. ನಾನು ತಿರುಗಿಸಿದೆ. ಹಿಂಬದಿಯಲ್ಲಿ, ಕೆಂಪು ಅಂಚಿನೊಳಗೆ, ಸಣ್ಣಕ್ಷರದ ಇಂಗ್ಲಿಷಿನ ನಾಲ್ಕು ಸಾಲುಗಳು. ಈ ಮಗು ದುರ್ಬಲವಾದದ್ದು. ಇದನ್ನು ಸದಾ ಬೆಚ್ಚಗಿಡಬೇಕು, ಜನಸಂದಣಿಗೆ ಒಯ್ಯಬಾರದು. ಇದು ಹಾಲು ಬಿಟ್ಟರೆ, ಕೈಕಾಲು ತಣ್ಣಗಾದರೆ, ಅಳದೆ ಮಂಕಾಗಿ ಮಲಗಿದರೆ, ನಿಗದಿಯಾದ ದಿನಕ್ಕಾಗಿ ಕಾಯಬಾರದು. ಯಾವ ದಿನವಾದರೂ, ಯಾವ ಹೊತ್ತಿನಲ್ಲಾದರೂ ತಕ್ಷಣ ತರಬೇಕು. ಕೇಂದ್ರ ಮುಚ್ಚಿದ್ದರೆ ನರ್ಸಿನ ವಸತಿಯ ಗಂಟೆಯನ್ನು ಬಾರಿಸಬೇಕು.

ನಾನು ಅದನ್ನು ಕನ್ನಡದಲ್ಲಿ ಹೇಳತೊಡಗಿದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಗೆ ಇಳಿದಿದ್ದಳು. ಕೊನೆಯ ಸಾಲನ್ನು ಅವಳಿಗೆ ಹೇಳಿದ್ದು ಜಟಕಾದಲ್ಲಿ.

ಕೇಂದ್ರಕ್ಕೆ ಅಂದು ರಜೆ. ವಸತಿಯ ಬಾಗಿಲಿನ ಪಕ್ಕದಲ್ಲಿ ಗಂಟೆ ಇತ್ತು. ಹಿತ್ತಾಳೆಯದು, ಥಳಥಳಿಸುವಂತೆ ಉಜ್ಜಿದ್ದರು. ಬೀದಿಯ ಮಕ್ಕಳು ಆಟಕ್ಕೆ ಎಳೆಯುತ್ತಾರೆಂದು ಅದರ ಹಗ್ಗವನ್ನು ಮೇಲಕ್ಕೆ ಸುತ್ತಿ, ಯಾರ ಕೈಗೂ ಎಟುಕದಂತೆ ಮೊಳೆಗೆ ಕಟ್ಟಿದ್ದರು. ನಾನು ಬಾಗಿಲನ್ನು ಅಂಗೈಯಿಂದ ಬಡಿದೆ. ನರ್ಸಮ್ಮ ಊಟ ಬಿಟ್ಟೆದ್ದು ಬಂದರು. ಮಗುವನ್ನು ನೋಡಿದೊಡನೆ ಅವರ ಮುಖ ಬದಲಾಯಿತು. ಬಿಸಿನೀರಿನ ಶೀಷೆಗಳನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನ ಎರಡು ಮಗ್ಗುಲಿಗೂ ಇಟ್ಟರು, ಡಾಕ್ಟರಿಗೆ ಹೇಳಿಕಳುಹಿಸಿದರು, ತಮ್ಮ ಉಣ್ಣೆಯ ಶಾಲನ್ನು ಹೊದಿಸಿದರು. ಆ ಮೂರು ಗಂಟೆ ಅವರು ಪಟ್ಟ ಶ್ರಮವನ್ನು ನಾನು ಮರೆಯಲಾರೆ. ಅದರ ನಡುವೆ ಒಮ್ಮೆ ಅವರು ಅಕ್ಕನ ಕಡೆ ತಿರುಗಿ ಕೇಳಿದರು.

"ಯಾಕಮ್ಮ, ಶನಿವಾರವೇ ಯಾಕೆ ತರ್ಲಿಲ್ಲ?"

"ನೀವು ಮಂಗಳವಾರ ಅಂದಿದ್ರಲ್ಲಾ," ಎಂದಳು ಅಕ್ಕ.

ನರ್ಸಮ್ಮ ತಣ್ಣಗಾದ ಶೀಷೆಗಳನ್ನು ತೆಗೆದು ಹೊಸದಾಗಿ ಬಿಸಿನೀರು ತುಂಬಿಟ್ಟರು. ನಾಲ್ಕು ಗಂಟೆಯ ಹೊತ್ತಿಗೆ ಮಗು ತೀರಿಕೊಂಡಿತು. ಡಾಕ್ಟರು ಬಂದು ವಹಿಯಲ್ಲಿ ಬರೆದುಕೊಂಡರು. ಅವರಿಗೆ ಬೇಕಾಗಿದ್ದುದು ಮಗುವಿನ ವಯಸ್ಸು, ತೂಕ, ಕಾರ್ಡಿನ ಬಣ್ಣ. ತಾಯಿಗೆ ಇಂಗ್ಲಿಷ್ ಓದಲು ಬರುತ್ತದೆಯೇ ಎಂದೂ ಕೇಳಿದರು. ಇಲ್ಲವೆಂದು ನಾನೇ ಉತ್ತರವಿತ್ತೆ. ಆ ಒಂದು ಉತ್ತರದಿಂದ ನಿರಕ್ಷರತೆಯೆಂಬ ಪದ ಹುಟ್ಟಿತೆಂದು ನನ್ನ ಊಹೆ. ಹಾಗಾದರೆ ಈ ಊರಿನ ಪಂಡಿತರಲ್ಲಿ ಬಹುಮಂದಿ ನಿರಕ್ಷರಿಗಳು.

ಅದಾದ ಮೇಲೆ ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ಬಾವುಟ ಬದಲಾಯಿತು. ಸಮಿತಿಯ ಅಧ್ಯಕ್ಷಿಣಿಯವರು ಹಡಗು ಹತ್ತಿದರು. ಅವರ ಕುರ್ಚಿಗೆ ನಮ್ಮವರೇ ಬಂದರು. ವರದಿ ಹೊರಬಂದದ್ದು ಈ ಹೊಸ ಸಮಿತಿಯ ರುಜುವಿನೊಡನೆ. ಅದನ್ನು ವಾಚನಾಲಯದಲ್ಲಿ ಓದಿ ಮರುದಿನವೇ ನಾನು ನಿಮ್ಮ ಕಾರ್ಯದರ್ಶಿಗಳ ಮನೆಗೆ ಹೋದೆ. ಪಿಂಚಣಿ ಪಡೆಯುವ ಹಿರಿಯರು, ಸೌಮ್ಯರು, ಮನೆಮಾತು ಕನ್ನಡ. ಕಾಫಿ ತರಿಸಿದರು. ಕಾರ್ಡಿನಲ್ಲಿ ಎಲ್ಲವೂ ಇರುವಾಗ ಓದದಿದ್ದವರ ತಪ್ಪಿಗೆ ಸಮಿತಿ ಏನು ಮಾಡಬೇಕೆಂದು ಕೇಳಿದರು. ನಾನು ಕೈಚೀಲದಿಂದ ಕೆಂಪು ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಮುಂಬದಿಯನ್ನು ನೋಡಿ, ಎಲ್ಲಿ ಇದೆ ಎಂದರು. ತಿರುಗಿಸಬೇಕೆಂದು ಹೇಳಿದೆ. ಅವರು ತಿರುಗಿಸಿದರು. ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಕಿಟಕಿಯ ಬಳಿಗೆ ಹೋಗಿ ಓದಿದರು. ಆ ನಾಲ್ಕು ಸಾಲನ್ನು ಅವರು ಅಂದೇ ಮೊದಲು ಓದಿದ್ದೆಂಬುದು ಅವರ ಮುಖದಲ್ಲಿ ಸ್ಪಷ್ಟವಾಗಿತ್ತು.

ಇದನ್ನು ಕನ್ನಡದಲ್ಲಿ ಹಾಕಲು ಏನು ಅಡ್ಡಿಯೆಂದು ಕೇಳಿದೆ.

"ನೋಡಮ್ಮ, ನೀವು ಓದಿದವರು. ಕನ್ನಡದಲ್ಲಿ ಹಾಕಿದ್ರೆ ತಮಿಳಿನವರು ಕೇಳ್ತಾರೆ. ತಮಿಳಲ್ಲಿ ಹಾಕಿದ್ರೆ ಉರ್ದುನವರು ಕೇಳ್ತಾರೆ. ಇಂಗ್ಲಿಷ್‌ನಲ್ಲಿದ್ರೆ ಯಾರೂ ಕೇಳೋಲ್ಲ."

ಯಾರೂ ಕೇಳಲಿಲ್ಲವೆಂಬುದು ನಿಜ. ವರದಿಯ ವಾಕ್ಯವನ್ನು ತೆಗೆಸಬೇಕೆಂದು ನಾನು ಹೇಳಿದಾಗ ಅವರು ನೊಂದುಕೊಂಡರು. ಅಚ್ಚಾದದ್ದನ್ನು ತೆಗೆಯುವ ಪದ್ಧತಿಯಿಲ್ಲ, ಹೇಗೂ ಅದರಲ್ಲಿ ಹೆಸರಿಲ್ಲವಲ್ಲ ಎಂದು ಸಮಾಧಾನ ಮಾಡಿದರು. ಬೀಳ್ಕೊಡುವಾಗ, ಮುಂದಿನ ಶಿಶುಸಪ್ತಾಹದಲ್ಲಿ ತಾಯಂದಿರ ಅಜ್ಞಾನವೆಂಬ ವಿಷಯವಾಗಿ ನಾನೊಂದು ಭಾಷಣ ಮಾಡಬೇಕೆಂದು ಕೇಳಿಕೊಂಡರು. ನಿಮ್ಮಂಥ ವಿದ್ಯಾವಂತ ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದರು. ಅವರು ನನ್ನನ್ನು ಹಾಸ್ಯ ಮಾಡುತ್ತಿರಲಿಲ್ಲ. ಅವರ ಮನಸ್ಸು ಒಳ್ಳೆಯದು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ವರದಿಯಲ್ಲಿ ಹೆಸರಿಲ್ಲವೆಂಬುದು ಪೂರ್ತಿ ಸುಳ್ಳಲ್ಲ. ಆದರೆ ಕಳೆದ ವರ್ಷ ಹಲಸೂರಿನಲ್ಲಿ ಕೆಂಪು ಕಾರ್ಡಿನ ಮಗುವನ್ನು ಕಳೆದುಕೊಂಡವಳು ಯಾರೆಂದು ವಠಾರಕ್ಕೆ ಗೊತ್ತು, ಕೃಷ್ಣರಾಜಪುರಕ್ಕೂ ಗೊತ್ತು. ವರದಿಯ ಸಾರಾಂಶ ದಿನಪತ್ರಿಕೆಯೊಂದರಲ್ಲಿ ಬಂತು. ಅದು ಕನ್ನಡದಲ್ಲಿತ್ತು. ಕಾರ್ಡಿಗೆ ದೊರೆಯದ ಭಾಷೆ ನಿಂದೆಗೆ ಕೂಡಲೇ ದೊರೆಯಿತು. ಅಕ್ಕ ಅದನ್ನು ಓದಿದಳು, ಒಂದು ಸಲವಲ್ಲ. ಈಗ ಅವಳು ಯಾರ ಮುಂದೆಯೂ ಗಟ್ಟಿಯಾಗಿ ಓದುವುದಿಲ್ಲ.

ಅವಳು ಮತ್ತೆ ಗರ್ಭಿಣಿ. ಏಳನೆಯ ತಿಂಗಳು ನಡೆಯುತ್ತಿದೆ. ಈ ಸಲವೂ ಹೆರಿಗೆ ಬೇಗನೆ ಆಗಬಹುದೆಂದು ನರ್ಸಮ್ಮನೇ ನನಗೆ ಹೇಳಿದ್ದಾರೆ. ಹಾಗಾದರೆ ಮಗು ಮತ್ತೆ ಚಿಕ್ಕದಾಗಿರುತ್ತದೆ, ಕಾರ್ಡು ಮತ್ತೆ ಕೆಂಪಾಗಿರುತ್ತದೆ. ಕಳೆದ ವಾರ ತವರಿಗೆ ಬಂದವಳನ್ನು ಕೇಂದ್ರಕ್ಕೆ ಹೋಗಿ ತೋರಿಸಿಕೊಂಡು ಬರೋಣವೆಂದು ನಾನು ಕರೆದೆ. ಅವಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, ಬಹಳ ಶಾಂತವಾಗಿ ಹೇಳಿದಳು.

"ಬೇಡ ಕಣೇ. ಅವರು ಬರೆದಿರೋದು ನಿಜಾನೇ. ನನ್ ಕೈಲಿ ಇತ್ತು, ನಾನು ತಿರುಗಿಸಿ ನೋಡ್ಲಿಲ್ಲ. ಅಂಥವಳು ಇನ್ನೊಂದು ಕೂಸು ಎತ್ಕೊಂಡು ಅಲ್ಲಿಗೆ ಹ್ಯಾಗೆ ಹೋಗ್ಲಿ?"

ಮಾನ್ಯರೇ, ನಿಮ್ಮ ವಾಕ್ಯವು ಮಾಡಿದ ಕೆಲಸ ಇದು. ಹುಟ್ಟಲಿರುವ ಮಗುವಿಗೆ ಅತ್ಯಂತ ಅವಶ್ಯಕವಾದ ಬಾಗಿಲನ್ನು ಅದರ ತಾಯಿಯ ಪಾಲಿಗೆ ಅದು ಮುಚ್ಚಿದೆ. ನಾಲ್ಕು ಸಾಲಿನ ಆ ಎಚ್ಚರಿಕೆಯನ್ನು ನಾನು ಅಕ್ಕನಿಗೆ ಬಾಯಿಪಾಠ ಮಾಡಿಸಬಲ್ಲೆ. ಅವಳು ಅಪರಾಧಿಯಲ್ಲವೆಂದು ನಂಬಿಸುವುದು ನನ್ನಿಂದಾಗದು. ತಂಗಿಯ ಮಾತಿಗೆ ಅಚ್ಚಿನ ತೂಕವಿಲ್ಲ. ಬೆಂಚಿನ ಮೇಲಿರುವ ಉಳಿದ ತಾಯಂದಿರ ಮನೆಯಲ್ಲಿ ಬಾಯಿಪಾಠ ಮಾಡಿಸಲು ಬಿ.ಎ. ಆದ ತಂಗಿಯರೂ ಇಲ್ಲ. ಇದ್ದರೂ, ಅವರಿಂದಾಗುವುದು ಎಷ್ಟೆಂಬುದನ್ನು ನಾನು ಮೇಲೆ ನಿವೇದಿಸಿದ್ದೇನೆ.

ಆದುದರಿಂದ ಸಮಿತಿಯು ಈ ಕೆಳಗಿನ ವಿಷಯಗಳಲ್ಲಿ ಸ್ಪಷ್ಟವಾದ ಉತ್ತರವನ್ನೂ ಕ್ರಮವನ್ನೂ ದಯಪಾಲಿಸಬೇಕೆಂದು ಕೋರುತ್ತೇನೆ. ವರದಿಯಲ್ಲಿರುವ ಸದರಿ ವಾಕ್ಯವನ್ನು ಯಾವ ವಿಚಾರಣೆಯ ಆಧಾರದ ಮೇಲೆ ಬರೆಯಲಾಯಿತು, ತಾಯಿಯನ್ನು ಯಾರಾದರೂ ಪ್ರಶ್ನಿಸಿದ್ದಾರೆಯೇ ಎಂಬುದನ್ನು ತಿಳಿಸಬೇಕು. ಆಧಾರವಿಲ್ಲದಿದ್ದರೆ ಅದನ್ನು ಹಿಂತೆಗೆದುಕೊಂಡು, ಹಿಂತೆಗೆದುಕೊಂಡ ವಿಷಯವನ್ನು ಸಾರಾಂಶ ಪ್ರಕಟವಾದ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕು. ಎಚ್ಚರಿಕೆಯ ಸಾಲುಗಳನ್ನು ಕನ್ನಡ, ತಮಿಳು, ಉರ್ದು ಮೂರರಲ್ಲಿಯೂ ಕಾರ್ಡಿನ ಮುಂಬದಿಗೆ ತರಬೇಕು. ಓದು ಬಾರದ ತಾಯಂದಿರೂ ಇರುವುದರಿಂದ, ಕಾರ್ಡು ಕೊಡುವಾಗಲೇ ಅದನ್ನು ಅವರ ಮಾತಿನಲ್ಲಿ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಿಕೊಳ್ಳಬೇಕು. ಅದಕ್ಕೆ ಬಿಡುವಾಗುವಂತೆ ನರ್ಸಮ್ಮನಿಗೆ ಇನ್ನೊಬ್ಬ ಸಹಾಯಕಿಯನ್ನು ಕೊಡಬೇಕು. ಕಾರ್ಡು ಕೊಳೆಯಾದುದಕ್ಕೆ ಯಾವ ತಾಯಿಯನ್ನೂ ಬೈಯಕೂಡದೆಂದು ಲಿಖಿತ ಆಜ್ಞೆಯಾಗಬೇಕು. ವಸತಿಯ ಗಂಟೆಯ ಹಗ್ಗವನ್ನು ಇಂದೇ ಕೆಳಗಿಳಿಸಬೇಕು. ಇದಕ್ಕೆ ಸಮಿತಿಯ ನಿರ್ಣಯದ ಅಗತ್ಯವೂ ಇಲ್ಲ.

ನನ್ನ ಅಕ್ಕನಿಗೆ ಉಳಿದಿರುವ ಅವಧಿ ಹೆಚ್ಚೆಂದರೆ ಎರಡು ತಿಂಗಳು, ಕಡಿಮೆಯೆಂದರೆ ಕೆಲವು ವಾರಗಳು. ನಿಮ್ಮ ಸಭೆ ಮೂರು ತಿಂಗಳಿಗೊಮ್ಮೆ ಸೇರುತ್ತದೆಂದು ಬಲ್ಲೆ. ಈ ಸಲ ಅದಕ್ಕೆ ಮೊದಲೇ ಸೇರಿ, ಹದಿನೈದು ದಿನಗಳೊಳಗಾಗಿ ಬರವಣಿಗೆಯಲ್ಲಿ ಉತ್ತರ ಕೊಡಬೇಕೆಂದೂ, ಆ ಉತ್ತರವನ್ನು ನನ್ನ ವಿಳಾಸಕ್ಕಲ್ಲದೆ ನೇರವಾಗಿ ಅವಳ ಹೆಸರಿಗೇ, ಅವಳು ಓದಬಲ್ಲ ಭಾಷೆಯಲ್ಲಿ ಕಳುಹಿಸಬೇಕೆಂದೂ ವಿನಯಪೂರ್ವಕವಾಗಿ ಒತ್ತಾಯಿಸುತ್ತೇನೆ.